ಸಿಂಹದ ತಲೆ ಪ್ರತಿ ರಿಹರ್ಸಲ್ ಆದ ಮೇಲೆ ಮೆತ್ತಗಾಗುತ್ತಿದೆ. 15ಕ್ಕೆ ನಾಟಕ, ದಯವಿಟ್ಟು ಬೇಗ ಹೇಳಿ

ಗುಬ್ಬಿಗೂಡು
ಮಗನಿಗೆ ಎಂಟು ವರ್ಷ. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಸಿಂಹ ಮತ್ತು ಮೊಲದ ನಾಟಕ. ಇವನೇ ಸಿಂಹ. ಬಾಡಿಗೆ ಡ್ರೆಸ್ ಬೇಡ, ಮನೆಯಲ್ಲೇ ಮಾಡೋಣ ಅಂತ ನಾನೇ ಹಟ ಹಿಡಿದೆ. ಬಲೂನಿನ ಮೇಲೆ ಪೇಪರ್ ಅಂಟಿಸಿ ತಲೆ ಮಾಡಿದ್ದೇನೆ. ಮೈದಾ ಅಂಟು, ಐದು ಪದರ. ಬೆಳಿಗ್ಗೆ ಮುಟ್ಟಿದರೆ ತೆಂಗಿನ ಚಿಪ್ಪಿನ ಹಾಗೆ ಗಟ್ಟಿ. ಸಂಜೆ ರಿಹರ್ಸಲ್ ಮುಗಿಸಿ ಬರುವಷ್ಟರಲ್ಲಿ ಮೆತ್ತಗೆ. ಮೂರು ಸಲ ಹೊಸ ಪದರ ಕೊಟ್ಟೆ, ಮೂರು ಸಲವೂ ಹೀಗೇ ಆಯಿತು. ನಿನ್ನೆ ಕುಸಿದೇ ಹೋಯಿತು. ಅಳುತ್ತಾ ಮನೆಗೆ ಬಂದ. ನಾನು ಏನು ತಪ್ಪು ಮಾಡುತ್ತಿದ್ದೇನೆ? ಇನ್ನು ಆರೇ ದಿನ ಇರುವುದು.

ಮಲೆನಾಡಮನೆ
ಒಣಗಿಲ್ಲ ಅಷ್ಟೇ. ಹೊರಗಿನ ಪದರ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿಯಾಗಿರುತ್ತದೆ. ಈ ಮಳೆಯಲ್ಲಿ ಪೇಪರ್ ಒಣಗುವುದೇ ಕಷ್ಟ. ಬಚ್ಚಲ ಒಲೆಯ ಮೇಲ್ಗಡೆ ಹಗ್ಗ ಕಟ್ಟಿ ಎರಡು ರಾತ್ರಿ ತೂಗುಹಾಕಿ. ತೀರ್ಥಹಳ್ಳಿ ಕಡೆ ನಾವು ಬಟ್ಟೆಯನ್ನೂ ಹಾಗೇ ಒಣಗಿಸುವುದು.

ರಟ್ಟುಕತ್ತರಿ
ಅಂಟು ಹಳಸಿರಬೇಕು. ಮೈದಾ ಎರಡೇ ದಿನಕ್ಕೆ ಹುಳಿ ಬರುತ್ತದೆ. ಬೈಂಡಿಂಗ್ ಕೆಲಸದಲ್ಲಿ ನಾವು ಅಂಟು ಕುದಿಸುವಾಗ ಒಂದು ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತೇವೆ. ಹುಳವೂ ಬರಲ್ಲ, ಬೂಸ್ಟೂ ಹಿಡಿಯಲ್ಲ.

ಗುಬ್ಬಿಗೂಡು
ಅಣ್ಣ, ನಮ್ಮದು ಬಳ್ಳಾರಿ. ಇಲ್ಲಿ ಮಳೆಯೇ ಇಲ್ಲ. ತಾರಸಿ ಮೇಲೆ ಎರಡು ದಿನ ಪೂರ್ತಿ ಬಿಸಿಲಿಗೆ ಇಟ್ಟಿದ್ದೆ.

ಮಲೆನಾಡಮನೆ
ಹಾಗಾದರೆ ಬಲೂನ್ ಒಳಗೇ ಬಿಟ್ಟಿದ್ದೀರಿ. ರಬ್ಬರ್ ಇದ್ದರೆ ಒಳಗಿನ ಪದರಕ್ಕೆ ಗಾಳಿ ಆಡಲ್ಲ. ಅದನ್ನು ಒಡೆದು ತೆಗೆಯಿರಿ.

ಗುಬ್ಬಿಗೂಡು
ಒಡೆದು ನಾಲ್ಕು ದಿನ ಆಯಿತು. ಕುತ್ತಿಗೆ ತೂತೂ ಕತ್ತರಿಸಿದ್ದೇನೆ. ಇಲ್ಲದಿದ್ದರೆ ಅವನು ಹಾಕಿಕೊಳ್ಳುವುದು ಹೇಗೆ?

ಸೂಜಿದಾರ
ಮೈಲುತುತ್ತದ ಮಾತು ಓದಿ ಗಾಬರಿ ಆಯಿತು. ಅದು ವಿಷ. ಪುಸ್ತಕದ ಬೆನ್ನಿಗೆ ಹಾಕುವುದು ಬೇರೆ. ಮಗುವಿನ ಬಾಯಿ, ಕಣ್ಣು, ಬೆವರು ತಾಗುವ ಜಾಗದಲ್ಲಿ ಹಾಕುವುದು ಬೇರೆ. ಅಕ್ಕ, ದಯವಿಟ್ಟು ಹಾಕಬೇಡಿ. ಅಂಟು ಹುಳಿ ಬರುತ್ತಿದ್ದರೆ ಉಪ್ಪು ಹಾಕಿ, ಆ ದಿನಕ್ಕೆ ಬೇಕಾದಷ್ಟೇ ಕುದಿಸಿ.

ರಟ್ಟುಕತ್ತರಿ
ಇಪ್ಪತ್ತು ವರ್ಷದಿಂದ ಇದೇ ಕೈಯಲ್ಲಿ ಅಂಟು ಬಳಿಯುತ್ತಿದ್ದೇನೆ. ಒಂದು ಚಿಟಿಕೆಗೆ ಇಷ್ಟು ಹೆದರುವುದು ಯಾಕೆ?

ಸೂಜಿದಾರ
ನೀವು ಅಂಟನ್ನು ಮುಖಕ್ಕೆ ಹಾಕಿಕೊಂಡು ಡೈಲಾಗ್ ಹೇಳಲ್ಲ, ಅಲ್ವಾ ಸರ್. ಎಂಟು ವರ್ಷದ ಮಗು ಮುಖವಾಡದ ಅಂಚನ್ನು ಚೀಪುತ್ತದೆ. ನನ್ನ ಮಗಳು ಚೀಪಿದ್ದಾಳೆ.

ಕೊಪ್ಪಳದಗೊಂಬೆ
ಮೈದಾನೇ ಬೇಡ, ಹುಣಸೆ ಬೀಜದ ಅಂಟು ಮಾಡಿ. ನಮ್ಮ ಕಿನ್ನಾಳದ ಗೊಂಬೆ ಕೆಲಸದಲ್ಲಿ ಅದೇ ಜೀವಾಳ. ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಮಾಡುತ್ತಾರೆ, ಗೊಂಬೆಯ ಭಾಗಗಳನ್ನು ಜೋಡಿಸುವುದೂ ಅದರಿಂದಲೇ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಬೇಕು. ಸಮಯ ಬೇಕು, ಆದರೆ ಹಿಡಿತ ಚೆನ್ನಾಗಿರುತ್ತದೆ.

ಫೋಮ್‌ಹುಡುಗ
2 ದಿನದ ಕೆಲಸಕ್ಕೆ ಪೇಪರ್ ಯಾಕೆ? 10 ಎಂಎಂ ಇವಿಎ ಫೋಮ್ ಶೀಟ್ ತಗೊಳ್ಳಿ, ಪ್ಯಾಟರ್ನ್ ಕತ್ತರಿಸಿ, ಹೀಟ್ ಗನ್ ಹಿಡಿದು ಬಗ್ಗಿಸಿ, ರಬ್ಬರ್ ಸಲ್ಯೂಷನ್‌ನಲ್ಲಿ ಜೋಡಿಸಿ. ಮೂತಿಗೆ ಮಾತ್ರ 6 ಎಂಎಂ. ನಾನು ಹೋದ ವರ್ಷ ಮಾಡಿದ ತೋಳದ ತಲೆಯಲ್ಲಿ ದವಡೆ ಅಲ್ಲಾಡುತ್ತದೆ, ಕಣ್ಣಿಗೆ ಎಲ್ಇಡಿ, ಒಳಗೆ ಕಂಪ್ಯೂಟರಿನ ಸಣ್ಣ ಫ್ಯಾನ್, ಬೆನ್ನಿಗೆ ಪವರ್ ಬ್ಯಾಂಕ್. ಒಟ್ಟು 900 ಗ್ರಾಂ. ಈಗ ಅದಕ್ಕೆ ಕಿವಿ ಅಲ್ಲಾಡಿಸಲು ಸಣ್ಣ ಸರ್ವೋ ಮೋಟಾರ್ ಹಾಕುತ್ತಿದ್ದೇನೆ.

ಗುಬ್ಬಿಗೂಡು
ಹೀಟ್ ಗನ್ ಇಲ್ಲ. ನನ್ನ ಹತ್ತಿರ ಇರುವುದು ಕತ್ತರಿ, ಬ್ರಷ್, ಮೈದಾ. ಸ್ವಲ್ಪ ಥರ್ಮಕೋಲ್ ಇದೆ. ಅದಕ್ಕೆ ಸಲ್ಯೂಷನ್ ಹಚ್ಚಬಹುದಾ?

ಸೂಜಿದಾರ
ಬೇಡ. ಸಲ್ಯೂಷನ್ ಥರ್ಮಕೋಲನ್ನು ಕರಗಿಸಿಬಿಡುತ್ತದೆ. ಸ್ಪ್ರೇ ಪೇಂಟ್ ಕೂಡ ಹಾಗೇ. ಥರ್ಮಕೋಲಿಗೆ ಬಿಳಿ ಫೆವಿಕಾಲ್ ಮಾತ್ರ.

ಕುಡ್ಲದಪಿಲಿ
ಅಕ್ಕ, ಮೈಗೆ ಬಣ್ಣ ಬಳಿಯುವ ಯೋಚನೆ ಇದ್ದರೆ ಬಿಡಿ. ನಮ್ಮ ಮಂಗಳೂರಲ್ಲಿ ಮಾರ್ನೆಮಿಗೆ, ಅಂದರೆ ನವರಾತ್ರಿಗೆ, ಹುಲಿವೇಷ ಹಾಕುವವರು ಬಣ್ಣ ಒಣಗುವವರೆಗೆ ಕೈ ಚಾಚಿಕೊಂಡು ಗಂಟೆಗಟ್ಟಲೆ ನಿಲ್ಲುತ್ತಾರೆ. ಚಿಕ್ಕ ಮಕ್ಕಳಿಗೆ ಅದು ಆಗಲ್ಲ. ನಾನು ಹತ್ತು ವರ್ಷ ವೇಷ ಹಾಕಿದ್ದೇನೆ. ತಾಸೆ ವಾದ್ಯದ ಪೆಟ್ಟು ಕಿವಿಗೆ ಬಿದ್ದರೆ ಈಗಲೂ ಕಾಲು ನಿಲ್ಲಲ್ಲ. ನಮ್ಮ ತಂಡದಲ್ಲಿ ಒಬ್ಬರು ಹಲ್ಲಿನಲ್ಲಿ ಅಕ್ಕಿ ಮುಡಿ (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಕಚ್ಚಿ ಹಿಂದಕ್ಕೆ ಎಸೆಯುತ್ತಿದ್ದರು. ಮಗುವಿಗೆ ಹಳದಿ ಬನಿಯನ್ ಬಟ್ಟೆಯ ಅಂಗಿ, ಪ್ಯಾಂಟ್ ಸಾಕು.

ಸೈಡ್‌ವಿಂಗ್
ತಂಗಿ, ಕೆಲವು ಪ್ರಶ್ನೆ ಇದೆ. ಮೆತ್ತಗಾಗುವುದು ಎಲ್ಲಿ? ನೆತ್ತಿಯಲ್ಲೋ, ಮೂತಿಯಲ್ಲೋ? ಬಾಯಿ ಜಾಗದಲ್ಲಿ ತೂತು ಇದೆಯಾ? ಹೊರಗೆ ಏನು ಬಳಿದಿದ್ದೀರಿ, ಒಳಗೆ ಏನು ಬಳಿದಿದ್ದೀರಿ?

ಗುಬ್ಬಿಗೂಡು
ಮೂತಿ, ಗಲ್ಲ, ಕೆನ್ನೆಯ ಕೆಳಭಾಗ. ಹಣೆ ಈಗಲೂ ಕುಟ್ಟಿದರೆ ಟಕ್ ಟಕ್ ಅನ್ನುತ್ತದೆ. ಬಾಯಿಗೆ ತೂತು ಇಲ್ಲ, ಹಲ್ಲು ನಾಲಿಗೆ ಎಲ್ಲ ಪೋಸ್ಟರ್ ಕಲರ್‌ನಲ್ಲಿ ಬರೆದಿದ್ದೇನೆ. ಹೊರಗೆ ಎರಡು ಕೋಟ್ ವಾರ್ನಿಷ್, ಹೊಳೆಯಲಿ ಅಂತ. ಒಳಗೆ ಬರೀ ಪೇಪರ್. ಇದನ್ನೆಲ್ಲ ಹೇಳಬೇಕು ಅಂತ ಹೊಳೆಯಲಿಲ್ಲ. ನಾಟಕದಲ್ಲಿ ಅವನದೇ ಜಾಸ್ತಿ ಮಾತು, ಗರ್ಜನೆ ಬೇರೆ.

ಸೈಡ್‌ವಿಂಗ್
ಹಾಗಾದರೆ ಅವನ ಉಸಿರೇ ಕಾರಣ. ಮುಚ್ಚಿದ ತಲೆಯೊಳಗೆ ಮಗು ಕಿರುಚಿ ಮಾತಾಡುತ್ತದೆ. ಬಾಯಿಯ ಹಬೆ ನೇರ ಎದುರಿನ ಪೇಪರಿಗೆ ಹೊಡೆಯುತ್ತದೆ. ಮೈದಾ ಅಂಟು ತೇವ ಕುಡಿದರೆ ಮತ್ತೆ ಅಂಟೇ ಆಗುತ್ತದೆ. ಹೊರಗೆ ವಾರ್ನಿಷ್ ಇರುವುದರಿಂದ ಆ ತೇವ ಆಚೆ ಹೋಗಲ್ಲ, ಪೇಪರಿನಲ್ಲೇ ಕೂರುತ್ತದೆ. ಹಣೆಯ ಹತ್ತಿರ ಉಸಿರು ಅಷ್ಟು ತಾಗಲ್ಲ, ಅದಕ್ಕೇ ಅದು ಗಟ್ಟಿಯಾಗಿದೆ. ಇನ್ನು ಹತ್ತು ಪದರ ಹಾಕಿದರೂ ಭಾರ ಹೆಚ್ಚುತ್ತದೆ ಅಷ್ಟೇ.

ಒಳಗೆ ಫೆವಿಕಾಲ್ ಬಳಿದು ಸೀಲ್ ಮಾಡಬಹುದು. ಪೇಪರ್ ಉಳಿಯುತ್ತದೆ. ಆದರೆ ಮಗುವಿಗೆ ಒಳಗೆ ಉಸಿರು ಕಟ್ಟುವುದು ತಪ್ಪಲ್ಲ, ಮಾತೂ ಯಾರಿಗೂ ಕೇಳಲ್ಲ. ನಾನು ಶಾಲೆ ನಾಟಕಗಳಿಗೆ ತುಂಬಾ ವೇಷ ಮಾಡಿಸಿದ್ದೇನೆ. ಮಾತು ಇರುವ ಪಾತ್ರಕ್ಕೆ ಬಾಯಿ ಮುಚ್ಚುವ ತಲೆ ಕೊಡಲೇಬಾರದು. ಗಾರುಡಿ ಗೊಂಬೆ ನೋಡಿದ್ದೀರಲ್ಲ? ಒಳಗಿರುವವರು ಗೊಂಬೆಯ ಕಣ್ಣಿನಿಂದ ನೋಡಲ್ಲ. ಕೆಳಗೆ ಅವರಿಗೆ ಬೇರೆ ಕಿಂಡಿ ಇರುತ್ತದೆ. ನಿಮ್ಮ ಸಿಂಹಕ್ಕೂ ಹಾಗೇ ಮಾಡಿ. ಮೆತ್ತಗಾದ ಮೂತಿಯ ಕೆಳಭಾಗ, ಗಲ್ಲ ಪೂರ್ತಿ ಕತ್ತರಿಸಿ ತೆಗೆಯಿರಿ. ಮೇಲಿನ ದವಡೆ ಅವನ ಹಣೆಯ ಮೇಲೆ ಬರಲಿ. ಸಿಂಹ ಬಾಯಿ ತೆರೆದಿದೆ, ಒಳಗೆ ಮಗುವಿನ ಮುಖ. ಮೂಗಿನ ತುದಿಗೆ ಕಪ್ಪು, ಎರಡು ಮೀಸೆ ಗೆರೆ ಬರೆದರೆ ಸಾಕು. ಕತ್ತರಿಸಿದ ಅಂಚಿಗೆ ಹತ್ತಿ ಬಟ್ಟೆಯ ಪಟ್ಟಿ ಅಂಟಿಸಿ, ಇಲ್ಲದಿದ್ದರೆ ಚುಚ್ಚುತ್ತದೆ. ಒಳಗೆ ಹಳೇ ಕ್ರಿಕೆಟ್ ಕ್ಯಾಪ್ ಹಿಂದುಮುಂದು ಮಾಡಿ ಕೂರಿಸಿ, ತಲೆ ಅದರ ಮೇಲೆ ನಿಲ್ಲಲಿ.

ಮಲೆನಾಡಮನೆ
ಆದರೂ ಪೂರ್ತಿ ಒಣಗಿದ್ದರೆ ಇಷ್ಟು ಬೇಗ ಕುಸಿಯುತ್ತಿರಲಿಲ್ಲ ಅಂತಲೇ ನನಗೆ ಅನಿಸುವುದು. ಒಂದು ರಾತ್ರಿ ಒಲೆ ಹತ್ತಿರ ಇಟ್ಟು ನೋಡಿ.

ಗುಬ್ಬಿಗೂಡು
ನಿನ್ನೆ ರಾತ್ರಿ ಕತ್ತರಿಸಿದೆ. ಕತ್ತರಿ ಇಡುವಾಗ ಹೊಟ್ಟೆಯೊಳಗೆ ಸಂಕಟ ಆಯಿತು, ಹನ್ನೆರಡು ದಿನದ ಕೆಲಸ. ಮೂತಿಯ ಚೂರು ಕೈಯಲ್ಲಿ ಹಿಂಡಿದರೆ ಒದ್ದೆ ಬಟ್ಟೆಯ ಹಾಗೆ ಇತ್ತು. ಸೈಡ್‌ವಿಂಗ್ ಅಕ್ಕ ಹೇಳಿದ್ದೇ ನಿಜ. ಕೇಸರಕ್ಕೆ ಹಾಕಿದ್ದ ತೆಂಗಿನ ನಾರು ಕುತ್ತಿಗೆಗೆ ಚುಚ್ಚುತ್ತದೆ ಅಂದ, ಅದನ್ನೂ ತೆಗೆದು ಹಳೇ ಸ್ವೆಟರ್ ಬಿಚ್ಚಿ ಉಲ್ಲನ್ ಕಟ್ಟಿದೆ. ಈಗ ತುಂಬಾ ಹಗುರ. ಇನ್ನೊಂದು ತೊಂದರೆ: ಕೊನೆಗೆ ಬಾವಿಯೊಳಗೆ ಬಗ್ಗಿ ನೆರಳು ನೋಡಬೇಕು. ಬಗ್ಗಿದ ಕೂಡಲೇ ತಲೆ ಜಾರಿ ಬೀಳುತ್ತದೆ.

ಸೂಜಿದಾರ
ಕ್ಯಾಪಿನ ಹಿಂಭಾಗಕ್ಕೆ ಎರಡು ಬೆರಳು ಅಗಲದ ಎಲಾಸ್ಟಿಕ್ ಹೊಲಿಯಿರಿ. ಇನ್ನೊಂದು ತುದಿಯನ್ನು ಅಂಗಿಯ ಬೆನ್ನಿಗೆ ಪ್ರೆಸ್ ಬಟನ್‌ನಿಂದ ಸಿಕ್ಕಿಸಿ. ಗಲ್ಲದ ಕೆಳಗೆ ದಾರ ಕಟ್ಟಬೇಡಿ. ಯಾರಾದರೂ ಎಳೆದರೆ ಬಟನ್ ಬಿಟ್ಟುಕೊಳ್ಳಬೇಕು.

ಗುಬ್ಬಿಗೂಡು
ಇವತ್ತು 13. ರಿಹರ್ಸಲ್‌ಗೆ ನಾನೂ ಹೋಗಿದ್ದೆ. ಮೂರು ಸಲ ಬಗ್ಗಿದ, ತಲೆ ಜಾರಲಿಲ್ಲ. ಕೊನೆಯ ಬೆಂಚಿನ ಹಿಂದೆ ನಿಂತಿದ್ದೆ. ಅವನ ಒಂದೊಂದು ಮಾತೂ ಕೇಳಿಸಿತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಹೊಸಬೆ
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಮಗಳು ಬೇರೆ ಶಾಲೆಯಲ್ಲಿ ಇದೇ ಕಥೆಯ ಮೊಲ. ಕಿವಿ ನಿಲ್ಲುತ್ತಲೇ ಇಲ್ಲ. ಏನು ಮಾಡಲಿ?

ಗುಬ್ಬಿಗೂಡು
ಕಿವಿ ರಟ್ಟಿನದಾ, ಬಟ್ಟೆಯದಾ? ಬುಡದಲ್ಲಿ ಬಾಗುತ್ತದಾ, ನಡುವೆ ಬಾಗುತ್ತದಾ? ಹೇರ್‌ಬ್ಯಾಂಡಿಗೆ ಕಟ್ಟಿದ್ದೀರಾ, ಟೋಪಿಗಾ?