ಸದನದಲ್ಲಿ ನಮ್ಮೂರ ಪ್ರಶ್ನೆ ಬರಬೇಕಾದರೆ ಯಾರಿಗೆ, ಹೇಗೆ ಬರೆಯಬೇಕು?

ಮರವಂತೆ_ಓದುಗ:
ನಮ್ಮದು ಬೈಂದೂರು ವಿಧಾನಸಭಾ ಕ್ಷೇತ್ರ. ಕಡಲ್ಕೊರೆತ ತಡೆಗೋಡೆಯ ವಿಷಯ ಸದನದಲ್ಲಿ ಬರಬೇಕು ಅಂತಿದೆ. ಶಾಸಕರಿಗೆ ಮನವಿ ಕೊಟ್ಟರೆ ಸಾಕಾ, ಸಂಸದರಿಗೂ ಕೊಡಬೇಕಾ? ಮಂಡನೆಯಾದ ವಿಧೇಯಕ (ಮಸೂದೆ) ಮುಂದೆ ಏನಾಯಿತು ಅಂತ ನೋಡುವ ದಾರಿಯೂ ಉಂಟಾ?

ಕೋಟೇಶ್ವರ_ಪೇಟೆ:
ತಡೆಗೋಡೆ ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯದ್ದು, ಹಾಗಾಗಿ ಶಾಸಕರಿಗೆ. ಪಕ್ಕದಲ್ಲೇ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಕೇಂದ್ರದ್ದು, ಅದು ಸಂಸದರಿಗೆ. ಬೈಂದೂರು ಉಡುಪಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಶಿವಮೊಗ್ಗ ಕ್ಷೇತ್ರ. ಉಡುಪಿ-ಚಿಕ್ಕಮಗಳೂರು ಅಂತ ವಿಳಾಸ ಬರೆದರೆ ಪತ್ರ ತಪ್ಪು ಕಚೇರಿಗೆ ಹೋಗುತ್ತದೆ.

ಬರೀ ಮನವಿ ಕೊಡಬೇಡಿ ಮಾರಾಯ್ರೇ, ಪ್ರಶ್ನೆಯನ್ನೇ ಬರೆದು ಕೊಡಿ. ಮನವಿ ಇಲಾಖೆಗೆ ರವಾನೆಯಾಗಿ ಅಲ್ಲೇ ಉಳಿಯಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೆ ಸಚಿವರು ಲಿಖಿತ ಉತ್ತರ ಕೊಡಬೇಕು, ಅದು ದಾಖಲೆಯಲ್ಲಿ ನಿಲ್ಲುತ್ತದೆ. ಚುಕ್ಕೆ ಗುರುತಿನದ್ದಕ್ಕೆ ಸದನದಲ್ಲೇ ಬಾಯಿಮಾತಿನ ಉತ್ತರ, ಮೇಲೆ ಉಪಪ್ರಶ್ನೆಗೂ ಅವಕಾಶ. ಆದರೆ ಪ್ರಶ್ನೋತ್ತರ ವೇಳೆಯಲ್ಲಿ ಸರದಿ ಬಾರದೇ ಹೋಗುವುದುಂಟು.

ಅ, ಆ, ಇ ಅಂತ ಭಾಗ ಮಾಡಿ ಬರೆಯಿರಿ. "ಸರ್ಕಾರದ ಗಮನಕ್ಕೆ ಬಂದಿದೆಯೇ" ಅಂತ ಕೇಳಿದರೆ "ಬಂದಿದೆ" ಅನ್ನುತ್ತಾರೆ, "ಕ್ರಮಗಳೇನು" ಅಂದರೆ "ಪರಿಶೀಲನೆಯಲ್ಲಿದೆ". ಅದರ ಬದಲು ಹೀಗಿರಲಿ:

ಅ) ಬೈಂದೂರು ಕ್ಷೇತ್ರದಲ್ಲಿ ಕಳೆದ ಮೂರು ವರ್ಷಗಳಲ್ಲಿ ತಡೆಗೋಡೆಗೆ ಮಂಜೂರಾದ ಮತ್ತು ಖರ್ಚಾದ ಮೊತ್ತವೆಷ್ಟು? (ಗ್ರಾಮವಾರು, ವರ್ಷವಾರು)
ಆ) ಮಂಜೂರಾಗಿಯೂ ಆರಂಭವಾಗದ ಕಾಮಗಾರಿಗಳು ಯಾವುವು, ಕಾರಣವೇನು?

ಒಂದೇ ಪುಟ, ಒಂದೇ ಇಲಾಖೆ. ಎರಡು ಇಲಾಖೆ ಬೆರೆಸಿದರೆ "ನಮಗೆ ಸಂಬಂಧಿಸಿದ್ದಲ್ಲ" ಅನ್ನಲು ದಾರಿ ಮಾಡಿಕೊಟ್ಟಂತೆ. ಅಧಿವೇಶನ ಶುರುವಾದ ಮೇಲೆ ಕೊಟ್ಟರೆ ತಡವಾಯಿತು. ಲೋಕಸಭೆಯಲ್ಲಂತೂ 15 ಪೂರ್ಣ ದಿನಗಳ ಸೂಚನೆ ಬೇಕು. ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂದ ಕೂಡಲೇ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ತೊಕ್ಕೊಟ್ಟು_ಜಂಕ್ಷನ್:
ಒಂದು ಮಾತು ಸೇರಿಸುತ್ತೇನೆ. ಸಚಿವರು, ಸಭಾಧ್ಯಕ್ಷರು ಪ್ರಶ್ನೆ ಕೇಳುವಂತಿಲ್ಲ. ಉಳ್ಳಾಲದ ಕಡೆಯವರಿಗೆ ಇದು ಗೊತ್ತಿರಬೇಕು, ಯಾಕೆಂದರೆ ಉಳ್ಳಾಲ ಸೇರುವ ಮಂಗಳೂರು ಕ್ಷೇತ್ರದ ಶಾಸಕ ಯು.ಟಿ. ಖಾದರ್ 2023ರಲ್ಲಿ ಸಭಾಧ್ಯಕ್ಷರಾದರು. ಅಂಥಲ್ಲಿ ವಿಧಾನ ಪರಿಷತ್ತಿನ ದಾರಿ ಹಿಡಿಯಿರಿ. ದಕ್ಷಿಣ ಕನ್ನಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಇಬ್ಬರು ಸದಸ್ಯರು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗೆ ಸೇರಿದವರು. ನೈರುತ್ಯ ಪದವೀಧರ, ಶಿಕ್ಷಕರ ಕ್ಷೇತ್ರದವರೂ ಇದ್ದಾರೆ. ಜನ ಇವರನ್ನು ಮರೆತೇ ಬಿಡುತ್ತಾರೆ.

ಮರವಂತೆ_ಓದುಗ:
ಉಪಕಾರವಾಯಿತು. ವಿಧೇಯಕದ್ದು?

ಮಣಿಪಾಲ_ಕಾನೂನು:
ರಾಜ್ಯದ್ದಾದರೆ ವಿಧಾನಮಂಡಲದ ಜಾಲತಾಣದಲ್ಲಿ ವರ್ಷ ಮತ್ತು ವಿಧೇಯಕದ ಸಂಖ್ಯೆ ಹಿಡಿದು ಹುಡುಕಿ. ಕೇಂದ್ರದ್ದಕ್ಕೆ ಸಂಸತ್ತಿನದೇ ಆದ ಡಿಜಿಟಲ್ ಸಂಸದ್, ಶಾಸನಗಳ ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ತಾಣಗಳಿವೆ. ಮೊದಲು ಕೊನೆಯ ಪುಟಗಳಲ್ಲಿರುವ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಓದಿ, ಆಮೇಲೆ ಖಂಡಗಳು (ಕ್ಲಾಸ್‌ಗಳು).

ಎರಡೂ ಸದನ ಒಪ್ಪಿದ ಮೇಲೆ ರಾಜ್ಯಪಾಲರ ಅಂಕಿತ, ನಂತರ ರಾಜ್ಯಪತ್ರ. ಹೆಚ್ಚಿನವರು ಜಾಡು ತಪ್ಪುವುದು ಇಲ್ಲೇ: ವಿಧೇಯಕ ಕಾನೂನಾಗಿ ಅಧಿನಿಯಮ ಎನಿಸಿಕೊಂಡಾಗ ಅದಕ್ಕೆ ಬೇರೆಯೇ ಸಂಖ್ಯೆ ಬೀಳುತ್ತದೆ, ಹಳೆಯ ಸಂಖ್ಯೆಯಿಂದ ಹುಡುಕಿದರೆ ಸಿಗದು. ಸಿಕ್ಕಿದರೂ ಜಾರಿಯಾಗಿದೆ ಎಂದುಕೊಳ್ಳಬೇಡಿ. ಮೊದಲ ಪ್ರಕರಣದಲ್ಲಿ (ಸೆಕ್ಷನ್) "ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು" ಎಂಬರ್ಥದ ಸಾಲಿದ್ದರೆ ಆ ಅಧಿಸೂಚನೆಯನ್ನೂ ಹುಡುಕಬೇಕು.

ಅಧಿನಿಯಮದಡಿ ಮಾಡುವ ಕರಡು ನಿಯಮಗಳನ್ನು ಆಕ್ಷೇಪಣೆಗಾಗಿ ಪ್ರಕಟಿಸಿದರೆ ಬಿಡಬೇಡಿ. ಕೊಟ್ಟ ಅವಧಿಯೊಳಗೆ, ನಿಯಮದ ಸಂಖ್ಯೆ ಕಾಣಿಸಿ, ಈಗಿನ ಪದ ಮತ್ತು ನಿಮಗೆ ಬೇಕಾದ ಪದ ಎರಡನ್ನೂ ಬರೆದು ಕಳಿಸಿ. ಶಾಸಕರಿಗೂ ಒಂದು ಪ್ರತಿ ಇರಲಿ.