ಅಪ್ಪನ ಅಯೋರ್ಟಾ 4.2 ಸೆಂ.ಮೀ. ಊದಿದೆ, ಒಂದು ವರ್ಷ ಸುಮ್ನೆ ಕಾಯಬೇಕಾ?

ತೀರ್ಥಹಳ್ಳಿ ಮಗಳು:
ಅಪ್ಪನಿಗೆ 69. ಪ್ರಾಸ್ಟೇಟ್ ತೊಂದರೆ ಅಂತ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದೆವು. ರಿಪೋರ್ಟಿನ ಕೊನೇ ಸಾಲಲ್ಲಿ ಅಯೋರ್ಟಾ 4.2 ಸೆಂ.ಮೀ. ಅಂತಿದೆ. ಹೃದಯದಿಂದ ಕೆಳಗಿಳಿಯುವ ದೊಡ್ಡ ರಕ್ತನಾಳ ಅದು, ಹೊಟ್ಟೆಯ ಹತ್ತಿರ 2 ಸೆಂ.ಮೀ. ಆಸುಪಾಸು ಇರಬೇಕಂತೆ. ಡಾಕ್ಟರು "ವರ್ಷ ಬಿಟ್ಟು ಬನ್ನಿ" ಎಂದು ಕಳಿಸಿದರು. ಅಷ್ಟರೊಳಗೆ ಒಡೆದರೆ? ನನಗೆ ನಿದ್ದೆಯಿಲ್ಲ. ಅಪ್ಪ "ನೋವೇ ಇಲ್ಲ, ಎಂಥ ಕಾಯಿಲೆ" ಎನ್ನುತ್ತಾ ಹಿತ್ತಲಿಗೆ ಹೋಗಿ ಬೀಡಿ ಹಚ್ಚುತ್ತಾರೆ. ಈಗಲೇ ಆಪರೇಷನ್ ಮಾಡಿಸಬಾರದಾ?

ಮೈಸೂರು ಮೇಷ್ಟ್ರು:
ನೋಡಮ್ಮ, ಆರು ವರ್ಷದ ಹಿಂದೆ ನನ್ನದು 3.8 ಇತ್ತು, ಈಗ 4.6. ನಾನೂ ಇದನ್ನೇ ಕೇಳಿದ್ದೆ. ಈ ಅಳತೆಯಲ್ಲಿ ಒಡೆಯುವ ಸಾಧ್ಯತೆ ಕಡಿಮೆ, ಆಪರೇಷನ್ನಿಗೆ ಅದರದ್ದೇ ಅಪಾಯ ಇದೆ. 5.5ಕ್ಕೆ ಮೊದಲೇ ಆಪರೇಷನ್ ಮಾಡಿದರೂ ಆಯಸ್ಸು ಜಾಸ್ತಿ ಆಗಲಿಲ್ಲ ಎಂದು ಬ್ರಿಟನ್, ಅಮೆರಿಕಗಳಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಗಂಡಸರಿಗೆ 5.5, ಹೆಂಗಸರಿಗೆ 5 ಆದಾಗ, ಇಲ್ಲವೇ ವರ್ಷಕ್ಕೆ 1 ಸೆಂ.ಮೀ. ಬೆಳೆದಾಗ ಸರ್ಜನ್ ಆಪರೇಷನ್ ಮಾತೆತ್ತುತ್ತಾರೆ.

ನನ್ನ ಪೆದ್ದುತನ ಕೇಳಿ. ಒಮ್ಮೆ ಲ್ಯಾಬ್ ಬದಲಿಸಿದೆ. ಮೂರೇ ತಿಂಗಳಲ್ಲಿ 4 ಮಿ.ಮೀ. ಜಾಸ್ತಿ ಬಂತು! ಮಕ್ಕಳಿಗೆಲ್ಲ ಫೋನ್ ಮಾಡಿ ಆಸ್ತಿ ಮಾತಾಡಿದ್ದೂ ಆಯಿತು. ನೋಡಿದರೆ ಒಬ್ಬರು ನಾಳದ ಗೋಡೆಯ ಒಳಗಿನಿಂದ ಒಳಗೆ ಅಳೆದಿದ್ದರು, ಇನ್ನೊಬ್ಬರು ಹೊರಗಿನಿಂದ ಹೊರಗೆ. ಒಂದೇ ಕಡೆ ಮಾಡಿಸಿ, ಹಳೇ ರಿಪೋರ್ಟ್ ಒಯ್ಯಿರಿ. ಬೀಡಿ ಮಾತ್ರ ಇವತ್ತೇ ನಿಲ್ಲಬೇಕು. ಸೇದುವವರಿಗೆ ಬೇಗ ಬೆಳೆಯುತ್ತದೆ, ಬೇಗ ಒಡೆಯುತ್ತದೆ.

ವಾರ್ಡ್ ಸಿಸ್ಟರ್:
ಮೇಷ್ಟ್ರು ಒಂದು ಬಿಟ್ಟರು. ನಿಮ್ಮ ಅಪ್ಪನಿಗೆ ಮೂತ್ರದ ಸೋಂಕಾದರೆ ಸಿಪ್ರೋಫ್ಲಾಕ್ಸಾಸಿನ್ ತರಹದ ಮಾತ್ರೆ ಬರೆಯಬಹುದು. ಅಯೋರ್ಟಾ ಊದಿದವರಿಗೆ ಬೇರೆ ದಾರಿಯಿದ್ದರೆ ಅದು ಬೇಡ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಡಾಕ್ಟರಿಗೆ ಮೊದಲೇ ಹೇಳಿ. ಬಿಪಿ ಹಿಡಿತದಲ್ಲಿರಲಿ. ಹೊಟ್ಟೆ ಅಥವಾ ಬೆನ್ನಲ್ಲಿ ಇದ್ದಕ್ಕಿದ್ದಂತೆ ಜೋರು ನೋವು, ತಲೆಸುತ್ತು, ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಸಿ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಅಪ್ಪನಿಗೆ ಅಣ್ಣತಮ್ಮಂದಿರು ಇದ್ದಾರಾ? ಅವರಿಗೂ ಒಂದು ಸ್ಕ್ಯಾನಿಂಗ್ ಆಗಲಿ, ಇದು ರಕ್ತಸಂಬಂಧದಲ್ಲಿ ಬರುವುದುಂಟು.

ತೀರ್ಥಹಳ್ಳಿ ಮಗಳು:
ಚಿಕ್ಕಪ್ಪ ಇದ್ದಾರೆ ಅಕ್ಕಾ, ಬೀಡಿಗೆ ಅಪ್ಪನ ಜೊತೆಗಾರರೇ. ಸೋಮವಾರ ಕರೆದುಕೊಂಡು ಹೋಗುತ್ತೇನೆ. ಅಪ್ಪ ಸದ್ಯ ದಿನಕ್ಕೆ ಎರಡು ಅಂತ ಚೌಕಾಸಿಗೆ ಇಳಿದಿದ್ದಾರೆ.