ಹಳೆಯ ಡಿವಿಡಿ ಪ್ಲೇಯರಿನಲ್ಲಿ ಅಜ್ಜಿಗೆ ಫೋಟೊ ತೋರಿಸುವ ಡಿಸ್ಕ್ ಮಾಡುವುದು ಹೇಗೆ?

ಪ್ರಶ್ನೆ (ಪೆರ್ಲದ ಸದಸ್ಯರು): ನಮಸ್ಕಾರ ಸರ್. ನಮ್ಮ ತಂದೆಯವರ ಷಷ್ಟ್ಯಬ್ದಿಯ ಸುಮಾರು 300 ಫೋಟೊಗಳಿವೆ. ತೋಟದ ಮನೆಯಲ್ಲಿರುವ ಅಜ್ಜಿಗೆ ಮೊಬೈಲಿನ ಸಣ್ಣ ಪರದೆಯಲ್ಲಿ ಮುಖಗಳು ಗುರುತಾಗುವುದಿಲ್ಲ. ಅಲ್ಲಿ ಹಳೆಯ ಟ್ಯೂಬ್ ಟಿವಿ ಮತ್ತು ಡಿವಿಡಿ ಪ್ಲೇಯರ್ ಇವೆ. ಫೋಟೊಗಳನ್ನು ಡಿಸ್ಕಿಗೆ ಕಾಪಿ ಮಾಡಿ ಹಾಕಿದಾಗ ಕೆಲವು ತೆರೆಯುವುದಿಲ್ಲ, ಕೆಲವು ಅಡ್ಡಲಾಗಿ ಕಾಣುತ್ತವೆ, ಕ್ರಮವೂ ತಪ್ಪಿದೆ. ಅದೇ ಡಿಸ್ಕ್ ಕಂಪ್ಯೂಟರಿನಲ್ಲಿ ಸರಿಯಾಗಿದೆ. ಏನು ಮಾಡಬೇಕು?

ಉತ್ತರ (ಕುಂಬಳೆಯ ಫೋಟೊಗ್ರಾಫರ್ ಮತ್ತು ವೀಡಿಯೊ ಎಡಿಟರ್): ನಮಸ್ಕಾರ. ನೀವು ಮಾಡಿರುವುದು ಡೇಟಾ ಡಿಸ್ಕ್. ಅದರಲ್ಲಿರುವ ಜೆಪೆಗ್ ಎಂಬ ಬಗೆಯ ಫೋಟೊ ಫೈಲುಗಳನ್ನು ಪ್ಲೇಯರ್ ತಾನೇ ಬಿಡಿಸಿ ತೋರಿಸಬೇಕಾಗುತ್ತದೆ, ಮತ್ತು ಹಳೆಯ ಪ್ಲೇಯರುಗಳಿಗೆ ಆ ಸಾಮರ್ಥ್ಯ ಸೀಮಿತವಾಗಿರುತ್ತದೆ. ಪ್ರೋಗ್ರೆಸಿವ್ ಎಂಬ ಬಗೆಯಲ್ಲಿ ಉಳಿಸಿದ ಜೆಪೆಗ್‌ಗಳನ್ನು ಅವುಗಳಲ್ಲಿ ಅನೇಕವು ಓದುವುದಿಲ್ಲ. ಐಫೋನಿನ ಎಚ್‌ಇಐಸಿ ಫೈಲುಗಳ ಗುರುತೇ ಅವಕ್ಕಿಲ್ಲ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ಫೋಟೊದಲ್ಲಿ ಚಿತ್ರವು ಅನೇಕ ಸಲ ಅಡ್ಡಲಾಗಿಯೇ ಉಳಿದು, ತಿರುಗಿಸಿ ತೋರಿಸಬೇಕೆಂಬ ಸೂಚನೆ ಮಾತ್ರ ಫೈಲಿನೊಳಗೆ ಸೇರಿರುತ್ತದೆ. ಕಂಪ್ಯೂಟರ್ ಆ ಸೂಚನೆಯನ್ನು ಪಾಲಿಸುತ್ತದೆ, ಹಳೆಯ ಪ್ಲೇಯರ್ ಪಾಲಿಸುವುದಿಲ್ಲ. ಕ್ರಮ ತಪ್ಪುವುದಕ್ಕೆ ಹೆಸರುಗಳೇ ಕಾರಣ: 1ರ ನಂತರ 10, 11 ಬಂದು ಆಮೇಲೆ 2 ಬರುತ್ತದೆ. ಆದ್ದರಿಂದ 001, 002 ಎಂದು ಹೆಸರಿಡಬೇಕು.

ಇಷ್ಟನ್ನು ಸರಿಪಡಿಸಿದರೆ ಡೇಟಾ ಡಿಸ್ಕ್ ಬಹುಶಃ ಓಡುತ್ತದೆ. ಆದರೂ ಅಜ್ಜಿಗಾಗಿ ಡಿವಿಡಿ ವೀಡಿಯೊ ಡಿಸ್ಕನ್ನೇ ಮಾಡಿ ಎಂಬುದು ನನ್ನ ಸಲಹೆ. ಫೋಟೊಗಳನ್ನು ಸ್ಲೈಡ್ ಶೋ ಆಗಿ ಜೋಡಿಸಿ, ಡಿವಿಡಿಗಳಲ್ಲಿ ಬಳಸುವ ಎಂಪೆಗ್-2 ಎಂಬ ಬಗೆಯ ವೀಡಿಯೊ ಆಗಿ ಪರಿವರ್ತಿಸಿ ಬರೆದರೆ, ಸಿನಿಮಾ ಡಿಸ್ಕಿನಂತೆಯೇ ಹೆಚ್ಚುಕಡಿಮೆ ಎಲ್ಲ ಡಿವಿಡಿ ಪ್ಲೇಯರುಗಳಲ್ಲಿಯೂ ಓಡುತ್ತದೆ, ಮತ್ತು ಮೆನು ಇಡದಿದ್ದರೆ ಡಿಸ್ಕ್ ಹಾಕಿದ ಕೂಡಲೇ ತಾನಾಗಿ ಆರಂಭವಾಗುತ್ತದೆ. ವಯಸ್ಸಾದವರ ಕೈಗೆ ರಿಮೋಟ್ ಕೊಟ್ಟು ಫೋಲ್ಡರ್ ಹುಡುಕಿಸುವುದು ಸರಿಯಲ್ಲ. ಡಿವಿಡಿ ಸ್ಟೈಲರ್ ಎಂಬ ಉಚಿತ ತಂತ್ರಾಂಶದಿಂದ ಈ ಕೆಲಸ ಆಗುತ್ತದೆ.

ಅದರಲ್ಲಿ ನಮ್ಮ ದೇಶದ ಹಳೆಯ ಟಿವಿಗಳ ಪಾಲ್ ಪದ್ಧತಿಯನ್ನು ಆರಿಸಿ. ಪಾಲ್ ಡಿವಿಡಿಯ ಚಿತ್ರದ ಅಳತೆ 720×576, ಅಂದರೆ ಸುಮಾರು 4 ಲಕ್ಷ ಪಿಕ್ಸೆಲ್. ಆ ಪಿಕ್ಸೆಲ್‌ಗಳು ಚೌಕವಲ್ಲ. ಆದ್ದರಿಂದ ಅಗಲ ಮತ್ತು ಎತ್ತರ 4:3ರ ಪ್ರಮಾಣದಲ್ಲಿರುವ ಟ್ಯೂಬ್ ಟಿವಿಗೆ ಫೋಟೊಗಳನ್ನು 768×576ರಲ್ಲಿ ಸಿದ್ಧಪಡಿಸಿ, ಉಳಿದದ್ದನ್ನು ತಂತ್ರಾಂಶಕ್ಕೆ ಬಿಡಿ. ನೆಟ್ಟಗಿನ ಫೋಟೊಗಳ ತಲೆ ಕಾಲು ಕತ್ತರಿಸದೆ ಎರಡು ಬದಿಗೂ ಕಪ್ಪು ಜಾಗ ಬಿಡಿ. ಟ್ಯೂಬ್ ಟಿವಿ ಚಿತ್ರದ ನಾಲ್ಕೂ ಅಂಚುಗಳನ್ನು ಸ್ವಲ್ಪ ನುಂಗುತ್ತದೆ. ಸಾಲಿನ ಕೊನೆಯಲ್ಲಿ ನಿಂತ ನೆಂಟರೂ ಕೆಳಗೆ ಬರೆದ ಹೆಸರುಗಳೂ ಮರೆಯಾಗದಂತೆ ಪ್ರತಿ ಅಂಚಿನಲ್ಲಿ ಶೇಕಡಾ 5ರಿಂದ 10ರಷ್ಟು ಜಾಗ ಬಿಡಬೇಕು. ಹಂಚಿನ ಮಾಡು, ಸೀರೆಯ ಸಣ್ಣ ಜರಿ ಇಂಥವು ಆ ಟಿವಿಯಲ್ಲಿ ಮಿನುಗುತ್ತ ಕಣ್ಣಿಗೆ ತೊಂದರೆ ಕೊಡುತ್ತವೆ. ಆ ಫೋಟೊಗಳನ್ನು ತುಸು ಮಸುಕುಗೊಳಿಸಿದರೆ ಮಿನುಗು ಇಳಿಯುತ್ತದೆ.

ಪ್ರತಿ ಫೋಟೊಗೆ ಎಷ್ಟು ಸಮಯ ಎಂಬುದನ್ನು ದಯವಿಟ್ಟು ಅಜ್ಜಿಯ ಕಣ್ಣಿನಿಂದ ನಿರ್ಧರಿಸಿ. ಒಂದಕ್ಕೆ 6 ಸೆಕೆಂಡಿನಂತೆ 300 ಫೋಟೊಗಳಿಗೆ 30 ನಿಮಿಷ ಸಾಕು, ಆದರೆ ಗುಂಪಿನ ಫೋಟೊದಲ್ಲಿ ಒಬ್ಬೊಬ್ಬರನ್ನೇ ಗುರುತಿಸಲು ಅವರಿಗೆ 12 ಸೆಕೆಂಡಾದರೂ ಬೇಕು. ಅತ್ಯುತ್ತಮ ಗುಣಮಟ್ಟದಲ್ಲಿಯೂ ಒಂದು ಸಾಮಾನ್ಯ ಡಿವಿಡಿಯಲ್ಲಿ ಸುಮಾರು ಒಂದು ಗಂಟೆಯ ವೀಡಿಯೊ ಹಿಡಿಯುವುದರಿಂದ ಅವಸರ ಬೇಡ. ತಿರುಗುತ್ತ, ಹಾರುತ್ತ ಬರುವ ಅಲಂಕಾರಗಳನ್ನು ಪೂರ್ತಿ ಬಿಟ್ಟುಬಿಡಿ.

ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಬೇಡ, ಅದರ ಪ್ರತಿಫಲನ ಕಡಿಮೆಯಾದ್ದರಿಂದ ಹಳೆಯ ಪ್ಲೇಯರುಗಳು ಅದನ್ನು ಓದಲು ಕಷ್ಟಪಡುತ್ತವೆ. ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿ-ಆರ್ ತೆಗೆದುಕೊಂಡು, ಮಧ್ಯಮ ವೇಗದಲ್ಲಿ ಬರೆದು, ಫೈನಲೈಸ್ ಮಾಡಿ, ಅಂದರೆ ಬೇರೆ ಪ್ಲೇಯರುಗಳೂ ಓದುವಂತೆ ಬರವಣಿಗೆಯನ್ನು ಮುಗಿಸಿ ಮುಚ್ಚಿ.

ಮರುಪ್ರಶ್ನೆ (ಪೆರ್ಲದ ಸದಸ್ಯರು): ಧನ್ಯವಾದ ಸರ್. ಈ ಡಿಸ್ಕ್ ಮಾಡಿದ ಮೇಲೆ ಮೊಬೈಲಿನಲ್ಲಿರುವ ಫೋಟೊಗಳನ್ನು ಅಳಿಸಬಹುದೇ?

ಉತ್ತರ: ಖಂಡಿತ ಅಳಿಸಬೇಡಿ. ನಿಮ್ಮ ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೊದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲ್ ಇರುತ್ತವೆ; ವೀಡಿಯೊ ಡಿಸ್ಕಿನಲ್ಲಿ ಅದರ ಮೂವತ್ತನೆಯ ಒಂದು ಭಾಗದಷ್ಟು ಮಾತ್ರ ಉಳಿಯುತ್ತದೆ. ಮುಂದೆ ಗೋಡೆಗೆ ಹಾಕಲು ದೊಡ್ಡ ಪ್ರಿಂಟ್ ತೆಗೆಸಬೇಕಾದರೆ ಆ ಡಿಸ್ಕಿನಿಂದ ಸಾಧ್ಯವಿಲ್ಲ. ಮೂಲ ಫೈಲುಗಳನ್ನು ಕಿರಿದುಮಾಡದೆ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಬೇರೊಂದು ಮನೆಯಲ್ಲಿ ಇನ್ನೊಂದು ಪ್ರತಿ ಇಡಿ.

ಪ್ರಶ್ನೆ (ನೀರ್ಚಾಲಿನ ಸದಸ್ಯರು): ನಮ್ಮ ಮನೆಯಲ್ಲಿಯೂ ಇಂಥ ಡಿಸ್ಕುಗಳಿವೆ. ಆಟಿ ತಿಂಗಳ ಮಳೆಗಾಲದ ತೇವಕ್ಕೆ ಹಾಳಾಗದಂತೆ ಹೇಗೆ ಇಡಬೇಕು?

ಉತ್ತರ: ನಾವು ಬರೆಯುವ ಡಿಸ್ಕಿನ ಒಳಗೆ ಸಾವಯವ ಬಣ್ಣದ ಪದರವಿದ್ದು, ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಆಗದು. ಕಿಟಕಿಯ ಬಳಿ ಇಡದೆ, ಗಟ್ಟಿ ಡಬ್ಬಿಯಲ್ಲಿ ನೇರವಾಗಿ ನಿಲ್ಲಿಸಿ, ಮುಚ್ಚಳ ಬಿಗಿಯಾಗಿರುವ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಕಾಗದದ ಲೇಬಲ್ ಅಂಟಿಸಬೇಡಿ, ಅದು ಒಂದು ಬದಿಗೆ ಸರಿದರೆ ಡಿಸ್ಕ್ ತಿರುಗುವಾಗ ಅಲುಗುತ್ತದೆ. ವರ್ಷಕ್ಕೊಮ್ಮೆಯಾದರೂ ಹಾಕಿ ನೋಡಿ, ಎಲ್ಲಿಯಾದರೂ ತಡವರಿಸಿದರೆ ಅಂದೇ ಹೊಸ ಪ್ರತಿ ಮಾಡಿಕೊಳ್ಳಿ.

ಪ್ರಶ್ನೆ (ಬದಿಯಡ್ಕದ ಸದಸ್ಯರು): ಹೊಸ ಟಿವಿಗೆ ಪೆನ್‌ಡ್ರೈವ್ ಸಾಲದೇ?

ಉತ್ತರ: ಯುಎಸ್‌ಬಿ ಇರುವ ಟಿವಿಗೆ ಧಾರಾಳ ಸಾಕು. ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ, ನೇರಕ್ಕೆ ತಿರುಗಿಸಿ ಉಳಿಸಿದ ಜೆಪೆಗ್‌ಗಳನ್ನು 001ರಿಂದ ಹೆಸರಿಟ್ಟು ಹಾಕಿ. ಫುಲ್ ಎಚ್‌ಡಿ ಟಿವಿಗೆ 1920×1080 ಅಳತೆ ಸಾಕಾಗುತ್ತದೆ.